ಐದು ತಿಂಗಳ ಗುಟ್ಟು

ಬಸುರಿನ ಸುದ್ದಿಯನ್ನು ಐದು ತಿಂಗಳು ತುಂಬುವ ಮೊದಲು ಹೊರಗೆ ಹೇಳುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ಚಿತ್ರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅತ್ತೆ ಈಶ್ವರಿಯಮ್ಮನಿಗೂ ಹೇಳಿರಲಿಲ್ಲ. ಅದಕ್ಕೆ ಕಾರಣವಿತ್ತು. ಹೋದ ವರ್ಷ ಮೂರನೇ ತಿಂಗಳಲ್ಲಿ ಗರ್ಭ ನಿಲ್ಲದೆ ಹೋಗಿತ್ತು. ಗಂಡ ಜಿತೇಂದ್ರನನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಅದನ್ನು ಇವತ್ತಿಗೂ ಜ್ವರವೆಂದೇ ನಂಬಿದ್ದರು. ಮೊಮ್ಮಗುವಿಗಾಗಿ ಹಂಬಲಿಸುವ ಆ ಪಾಪದ ಹೆಂಗಸಿಗೆ ಆಸೆ ಹುಟ್ಟಿಸಿ ಆಮೇಲೆ ಕಣ್ಣೀರು ಹಾಕಿಸುವ ಧೈರ್ಯ ಚಿತ್ರಾಳಿಗೆ ಇರಲಿಲ್ಲ.

ಮಂಗಳೂರಿನ ಹೆರಿಗೆ ಆಸ್ಪತ್ರೆಗೆ ಹೋಗಲು ಮನೆ ಹತ್ತಿರದ ವಿದ್ಯಾನಗರದ ಸ್ಟ್ಯಾಂಡಿನಲ್ಲಿ ಕುಂಞನ ಟ್ಯಾಕ್ಸಿ ಇತ್ತು. ಆದರೆ ಎಲ್ಲಿಗೆ, ಎಂತಕ್ಕೆ, ಯಾವ ಡಾಕ್ಟರು ಎಂದು ವಿಚಾರಿಸದೆ ಕುಂಞನ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಹಾಗಾಗಿ ಅವಳು ಹೋದ ವರ್ಷವೇ ಮೊಬೈಲಿನಲ್ಲಿ ಆ್ಯಪ್ ಹಾಕಿಸಿಕೊಂಡು ಅದರಲ್ಲೇ ಕಾರು ಕರೆಸುತ್ತಿದ್ದಳು. ಆ್ಯಪಿಗೆ ಬಾಯಿಯಿಲ್ಲ ಎಂಬುದು ಅವಳ ಲೆಕ್ಕ. ಎಂಥ ಲೆಕ್ಕ! ಅದು ಕೇಳಿದ್ದಕ್ಕೆಲ್ಲ ಅವಳು ಓದದೆಯೇ ಒಪ್ಪಿಗೆ ಒತ್ತಿದ್ದಳು. ನಾವು ಯಾರಾದರೂ ಓದುತ್ತೇವೆಯೇ? ಸುರಕ್ಷತೆಗಾಗಿ ಮನೆಯವರ ನಂಬರು ಕೊಡಿ ಎಂದಾಗ, ಪಾಠ ಮಾಡುವ ಹೊತ್ತಿಗೆ ಮಾಸ್ತರ ಜಿತೇಂದ್ರ ಫೋನ್ ಎತ್ತುವುದಿಲ್ಲವೆಂದು ಅತ್ತೆಯ ನಂಬರನ್ನೇ ಕೊಟ್ಟಿದ್ದಳು.

ಆ ಶನಿವಾರ ಈಶ್ವರಿಯಮ್ಮ ಬಸಳೆ ಹೆಚ್ಚುತ್ತಿದ್ದಾಗ ಅವರಿಗೆ ಫೋನ್ ಬಂತು. ಚಿತ್ರಾ ಆಚೆ ಒಲೆಯ ಹತ್ತಿರ ಇದ್ದಳು. ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದರು.

“ಅಭಿನಂದನೆಗಳು ಮೇಡಂ! ಚಿತ್ರಾ ಅವರಿಗೆ ನಾಲ್ಕನೇ ತಿಂಗಳಲ್ಲವಾ? ತಾಯಿ ಮಗುವಿನ ವಿಮೆಯ ಬಗ್ಗೆ ಮಾತಾಡೋಣ ಅಂತ,” ಎಂದಿತು ಒಂದು ಹುಡುಗಿಯ ದನಿ.

ಈಶ್ವರಿಯಮ್ಮ ತಿರುಗಿ ಸೊಸೆಯ ಮುಖ ನೋಡಿದರು. ಬಿಳಿಚಿದ ಆ ಮುಖವೇ ಎಲ್ಲವನ್ನೂ ಹೇಳಿಬಿಟ್ಟಿತು. ಅವರ ಕಣ್ಣು ಖುಷಿಯಿಂದ ತುಂಬಿ ಬಂತು. ಆದರೂ ಕ್ರಮ ಕ್ರಮವೇ.

“ಇಲ್ಲಿ ಬಸುರಿ ಹೆಂಗಸರು ಯಾರೂ ಇಲ್ಲ ಮಗಳೇ. ನಿನಗೆ ನಂಬರು ತಪ್ಪಿದ್ದು,” ಎಂದರು, ಚಿತ್ರಾಳತ್ತ ನಗುತ್ತಾ.

“ತಪ್ಪಿಲ್ಲ ಮೇಡಂ. ಪ್ರತಿ ತಿಂಗಳೂ ಕಾರಿನಲ್ಲಿ ಹೆರಿಗೆ ಆಸ್ಪತ್ರೆಗೆ ಹೋಗುತ್ತಿದ್ದಾರೆ. ಮೊನ್ನೆ ಗುರುವಾರ ಹತ್ತೂಕಾಲಿಗೆ ಗೇಟಿನ ಹತ್ತಿರ ಇಳಿದಿದ್ದಾರೆ. ಆ್ಯಪಿನವರೇ ಕೊಟ್ಟ ವಿವರ.”

ಚಿತ್ರಾ ಹೆತ್ತ ತಾಯಿಯ ಹತ್ತಿರವೂ ಹೇಳದ ಗುಟ್ಟನ್ನು ಹೆಸರೂ ಗೊತ್ತಿಲ್ಲದ ಹುಡುಗಿಯೊಬ್ಬಳು ದಿನ, ಗಂಟೆ, ಗೇಟಿನ ಸಮೇತ ಓದಿ ಹೇಳುತ್ತಿದ್ದಳು! ಇನ್ನೂ ಎಂತೆಂತ ಬರೆದಿದೆಯೋ ಎಂದು ನೆನೆದು ಚಿತ್ರಾಳಿಗೆ ಭಯವಾಯಿತು. ಓಡಿ ಬಂದು ಫೋನಿಗೆ ಕೈಚಾಚಿದಳು. ದನಿ ಅವಳಿಗಿಂತ ಚುರುಕಾಗಿತ್ತು.

“ಹೋದ ವರ್ಷ ಮೂರನೇ ತಿಂಗಳಿಗೇ ಆಸ್ಪತ್ರೆಗೆ ಹೋಗುವುದು ನಿಂತುಹೋಗಿತ್ತಲ್ಲ ಮೇಡಂ. ಅದಕ್ಕೇ ಈ ಸಲ ನಾಲ್ಕಾಗಲಿ ಅಂತ ಕಾದು ಫೋನ್ ಮಾಡಿದ್ದು.”

ಚಿತ್ರಾ ಫೋನ್ ಕಟ್ ಮಾಡಿದಳು. ಈಶ್ವರಿಯಮ್ಮನ ಮುಖದ ನಗು ಆರಿಹೋಗಿತ್ತು.

“ಅದು ಜ್ವರ ಅಲ್ವಾ ಹಾಗಾದ್ರೆ?”

ಚಿತ್ರಾ ತಲೆ ತಗ್ಗಿಸಿದಳು.

“ಮೂರು ದಿನ ನಿನ್ನ ಹಣೆಗೆ ಒದ್ದೆಬಟ್ಟೆ ಹಾಕಿ ಪಕ್ಕದಲ್ಲೇ ಕೂತಿದ್ದೆ ನಾನು,” ಎಂದರು ಅತ್ತೆ, ಮೆಲ್ಲಗೆ. “ನನಗೆ ಗೊತ್ತಿಲ್ಲ. ಆ ಹುಡುಗಿಗೆ ಗೊತ್ತುಂಟು.”