ಬೆಂಡೆ ಪಾತಿಯಲ್ಲಿ ವಾರ್ಷಿಕ ಮಹಾಸಭೆ

ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನ ಹೋಟೆಲಿನಲ್ಲಿ ಅರ್ಧ ದಿನಕ್ಕೆ ಸಭಾಂಗಣ ಹಿಡಿದರೆ ಒಂಬೈನೂರು ಡಾಲರು. ಕಾಫಿಗೆ ತಲೆಗೆ ಹನ್ನೊಂದು. ಕುಡಿದರೂ ಅಷ್ಟೆ, ಕುಡಿಯದಿದ್ದರೂ ಅಷ್ಟೆ, ಆ ತಲೆ ಬಾರದೇ ಹೋದರೂ ಅಷ್ಟೆ. ಪ್ರೊಜೆಕ್ಟರಿಗೆ ನೂರೈವತ್ತು. ಬಿಸಿಬೇಳೆಬಾತು, ಮೊಸರನ್ನವನ್ನು ಎಡಿಸನ್ ಊರಿನಿಂದ ತರಿಸಿದ್ದು ಬೇರೆ. ಇಷ್ಟೆಲ್ಲ ಖರ್ಚು ಮಾಡಿ ಫೆಬ್ರವರಿಯಲ್ಲಿ ಕರೆದ ವಾರ್ಷಿಕ ಮಹಾಸಭೆಗೆ ಬಂದವರು ಒಂಬತ್ತು ಜನ. ಹಿಮ ಬಿದ್ದಿತ್ತು, ಅರ್ಧ ಜನ ಇಂಡಿಯಾದಲ್ಲಿದ್ದರು. ಮೇ ತಿಂಗಳಲ್ಲಿ ಮತ್ತೆ ಅದೇ ಖರ್ಚು, ಬಂದವರು ಏಳು. ಅವರಲ್ಲಿ ಒಬ್ಬರು ಉಪ್ಪಿಟ್ಟು ತಿಂದು, ಮನ್ರೋ ಕಡೆ ಯಾರದೋ ಹೊಲದಲ್ಲಿ ಸಸಿ ನಾಟಿ ಇದೆ ಎಂದು ಹೊರಟೇ ಹೋದರು.

ಬೇಕಾಗಿದ್ದದ್ದು ಹನ್ನೆರಡು.

ಇದು ಕೃಷಿ ಸಲಹೆಗಾರರ ಸಂಘ. ನ್ಯೂಜೆರ್ಸಿ, ನ್ಯೂಯಾರ್ಕ್ ಸೇರಿ ಮೂವತ್ತು ಚಿಲ್ಲರೆ ಸದಸ್ಯರು. ರೈತರ ಹೊಲ ಸುತ್ತಿ, ಎಲೆ ತಿರುಗಿಸಿ, ಮಣ್ಣು ಪರೀಕ್ಷೆ ಮಾಡಿಸಿ, ಏನು ಹಾಕಬೇಕು, ಏನು ಹಾಕಬಾರದು ಎಂದು ಹೇಳುವುದು ಇವರ ಕಸುಬು. ಗೊಬ್ಬರವನ್ನಾಗಲಿ ಔಷಧಿಯನ್ನಾಗಲಿ ಮಾರುವಂತಿಲ್ಲ. ಮಾರುವುದು ಮಾತನ್ನು ಮಾತ್ರ, ಅದರ ದಾಸ್ತಾನಿಗೆ ಯಾವತ್ತೂ ಕೊರತೆಯಿಲ್ಲ. ಹೆಚ್ಚಿನವರು ಹೆಬ್ಬಾಳದಲ್ಲೋ ಧಾರವಾಡದಲ್ಲೋ ಕೃಷಿ ಓದಿದವರು. ಮೂವತ್ತು ವರ್ಷ ಅಮೆರಿಕದಲ್ಲಿದ್ದರೂ ಹೆಬ್ಬಾಳದವರ ಕಣ್ಣಿಗೆ ಧಾರವಾಡದವರು ಇನ್ನೂ ಹಾಸ್ಟೆಲ್ ಹುಡುಗರು, ಧಾರವಾಡದವರ ಕಣ್ಣಿಗೆ ಹೆಬ್ಬಾಳದವರು ಬೂಟಿಗೆ ಮಣ್ಣು ಅಂಟಿಸಿಕೊಳ್ಳದ ಸಾಹೇಬರು.

ನಾನು ಕೃಷಿ ಓದಿದವಳಲ್ಲ. ಮೈಸೂರಿನಲ್ಲಿ ನಮ್ಮ ಸೋದರಮಾವನ ಮದುವೆ ಛತ್ರವನ್ನು ಹದಿನಾಲ್ಕು ವರ್ಷ ನೋಡಿಕೊಂಡಿದ್ದೆ. ಆ ಅನುಭವ ಸಾಕೆಂದು ಇವರು ನನ್ನನ್ನು ಸಂಘದ ಮ್ಯಾನೇಜರ್ ಮಾಡಿಕೊಂಡರು. ಚಂದಾ ಎತ್ತುವುದು, ಸಭೆ ಕರೆಯುವುದು, ವಿಮೆಯ ಕಾಗದ ಪತ್ರ ನೋಡುವುದು, ಮುನಿಸಿಕೊಂಡವರಿಗೆ ಫೋನ್ ಮಾಡುವುದು. ಛತ್ರಕ್ಕೂ ಸಂಘಕ್ಕೂ ಇರುವ ವ್ಯತ್ಯಾಸ ಒಂದೇ: ಛತ್ರದಲ್ಲಿ ಕರೆಯದವರೂ ಬರುತ್ತಿದ್ದರು.

ಹನ್ನೆರಡು ಜನ ಖುದ್ದಾಗಿ ಬಂದು ಕೂಡದೆ ಮಹಾಸಭೆ ಆಗುವಂತಿಲ್ಲ ಎನ್ನುವುದು ಸಂಘದ ನಿಯಮ. ಬೇರೆಯವರ ಪರವಾಗಿ ಮತ ಹಾಕುವಂತಿಲ್ಲ, ಝೂಮ್ ನಡೆಯುವುದಿಲ್ಲ. ಝೂಮ್‌ಗೆ ಅವಕಾಶ ಕೊಡೋಣವೆಂದರೆ ನಿಯಮ ತಿದ್ದಬೇಕು, ತಿದ್ದಲು ಅದೇ ಹನ್ನೆರಡು ಜನ ಬರಬೇಕು. ಈ ನಿಯಮಗಳಲ್ಲಿ ಅರ್ಧವನ್ನು ಬರೆದವಳು ಮಾರ್ಗರೆಟ್. ನಮ್ಮಲ್ಲಿರುವ ಏಕೈಕ ಬಿಳಿಯ ಸದಸ್ಯೆ, ಎಪ್ಪತ್ತು ದಾಟಿದಾಕೆ. ಅಂಕಲ್‌ಗಳೆಲ್ಲ ಅವಳಿಗೆ ಹೆದರುತ್ತಾರೆ; ನನಗೆ ಮಾತ್ರ ಅವಳನ್ನು ಕಂಡರೆ ಸಮಾಧಾನ, ಏಕೆಂದರೆ ಬರುತ್ತೇನೆ ಎಂದರೆ ಬರುವವಳು ಅವಳೊಬ್ಬಳೇ.

ಸಭೆ ಆಗದಿದ್ದರೆ ಏನಾಯಿತು ಎಂದು ನೀವು ಕೇಳಬಹುದು. ಹಿರಿಯ ಸದಸ್ಯರೂ ಹಾಗೇ ಕೇಳಿದರು. ಅವರಿಗೇನೂ ಆಗುವುದಿಲ್ಲ. ಒಬ್ಬರಿಗೆ ಪಿಂಚಣಿ ಬರುತ್ತದೆ, ಇನ್ನೊಬ್ಬರ ಹೆಂಡತಿ ಡಾಕ್ಟರು. ಆಗುವುದು ಹರ್ಷಿತಾಗೆ. ಮಂಡ್ಯದ ಕಡೆಯ ಹುಡುಗಿ, ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಗೊಬ್ಬರದ ಕಂಪನಿಯೊಂದರ ಕೆಲಸ ಬಿಟ್ಟು ಸ್ವಂತವಾಗಿ ಸಲಹೆ ಕೊಡಲು ಶುರುಮಾಡಿ ಎರಡನೇ ವರ್ಷ. ತಪ್ಪು ಸಲಹೆಯಿಂದ ಬೆಳೆ ಹೋದರೆ ಪರಿಹಾರ ಕೊಡುವ ವಿಮೆ ಇಲ್ಲದವರನ್ನು ಇಲ್ಲಿನ ಯಾವ ರೈತನೂ ಗೇಟಿನೊಳಗೆ ಬಿಡುವುದಿಲ್ಲ. ಅವಳಿಗಿದ್ದದ್ದು ಸಂಘದ ಗುಂಪು ವಿಮೆ. ಮಹಾಸಭೆಯಲ್ಲಿ ಈ ವರ್ಷಕ್ಕೆ ಆಯ್ಕೆಯಾದ ಕಾರ್ಯಕಾರಿ ಸಮಿತಿ ಸಹಿ ಹಾಕಿದ ಕಾಗದ ಜುಲೈ ಮುಗಿಯುವುದರೊಳಗೆ ಬರದಿದ್ದರೆ ಗುಂಪು ವಿಮೆ ರದ್ದು ಎಂದು ವಿಮೆಯವರು ಬರೆದಿದ್ದರು.

“ಒಬ್ಬಳೇ ಪಾಲಿಸಿ ತಗೊಳ್ಳೋಕೆ ಹೋದ್ರೆ ನಾಲ್ಕರಷ್ಟು ಕೇಳ್ತಾರೆ ಆಂಟಿ,” ಅಂದಳು ಹರ್ಷಿತಾ. “ವಾಪಸ್ ಕಂಪನಿಗೇ ಹೋಗ್ಬೇಕಾಗುತ್ತೆ. ಅಲ್ಲಿ ಬೆಳೆಗೆ ಬೇಕೋ ಬೇಡ್ವೋ, ಚೀಲ ಮಾರ್ಬೇಕು.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಒಂದು ಕಾಫಿ ಕೊಟ್ಟು ಕಳಿಸಬಹುದಿತ್ತು.

ಅದೇ ವಾರ ನಮ್ಮ ಹಿತ್ತಲಿನ ಬೆಂಡೆ ಗಿಡಗಳು ಹಳದಿಗೆ ತಿರುಗಿದ್ದವು. ಮನ್ರೋದ ನಮ್ಮ ಮನೆಯ ಹಿಂದೆ ಜಿಂಕೆ ನುಗ್ಗದ ಹಾಗೆ ಬಲೆ ಕಟ್ಟಿ, ಮೂವತ್ತು ಬೆಂಡೆ ಹಾಕಿದ್ದೆ. ಸಂಘದ ಅಧ್ಯಕ್ಷರಾದ ಜಯರಾಮು ಅವರಿಗೆ ಫೋನ್ ಮಾಡಿ ಕೇಳೋಣ ಎಂದು ಎಲೆಯ ಫೋಟೋ ತೆಗೆದವಳು ಅಲ್ಲೇ ನಿಂತುಬಿಟ್ಟೆ. ಛತ್ರದಲ್ಲಿ ನೋಡಿದ್ದು ನೆನಪಾಯಿತು. ಊಟಕ್ಕೆ ಕರೆದರೆ ಜನ ಊಟದ ಹೊತ್ತಿಗೆ ಬರುತ್ತಾರೆ. ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ಜಟಾಪಟಿ ನಡೆದಿದೆ ಎಂದು ಗೊತ್ತಾದರೆ ಹೊತ್ತಿಗೆ ಮುಂಚೆಯೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಫೋಟೋವನ್ನು ಜಯರಾಮು ಅವರಿಗೆ ಕಳಿಸಲಿಲ್ಲ. ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಂದೇ ಎಲೆ. ಕೆಳಗೆ, “ಇದೇನು?” ಎಂದಷ್ಟೇ ಬರೆದೆ.

ಮಹಾಸಭೆಯ ನೋಟಿಸಿಗೆ ತಿಂಗಳಾದರೂ ಉತ್ತರ ಕೊಡದ ಮಹನೀಯರು ಒಲೆ ಮೇಲಿನ ಹಾಲು ಉಕ್ಕುವುದರೊಳಗೆ ಉತ್ತರಿಸಿದರು. ಹಳದಿ ನಂಜು ರೋಗ, ಅನುಮಾನವೇ ಇಲ್ಲ ಎಂದರು ಹೆಬ್ಬಾಳದ ಜಯರಾಮು. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು, ಎಲೆ ನೋಡಿ ಹೇಳುವವರು ಜ್ಯೋತಿಷ್ಯ ಹೇಳಲಿ ಎಂದರು ಧಾರವಾಡದ ಬಸವಪ್ರಸಾದ್. ನ್ಯೂಯಾರ್ಕಿನ ಹಿಕ್ಸ್‌ವಿಲ್‌ನಿಂದ ಬದರೀನಾಥರು ಇಬ್ಬರದೂ ತಪ್ಪು, ಮೆಗ್ನೀಸಿಯಂ ಕಡಿಮೆಯಾಗಿದೆ ಎಂದು ಮೂರು ಪುಟದ ಪಿಡಿಎಫ್ ಹಾಕಿದರು. ಜಗಳ ಒಂದು ಹದಕ್ಕೆ ಬಂದಾಗ ನಾನು ಇನ್ನೊಂದು ಸಾಲು ಬರೆದೆ: ಮುಂದಿನ ತಿಂಗಳ ಮೊದಲನೇ ಭಾನುವಾರ ಮಹಾಸಭೆ ನಮ್ಮ ಮನೆಯಲ್ಲಿ. ಗಿಡ ಹಿತ್ತಲಲ್ಲಿದೆ.

ಮಾರ್ಗರೆಟ್ ಫೋನ್ ಮಾಡಿ, ನೋಟಿಸು ಹತ್ತು ದಿನ ಮುಂಚೆ ಕೊಡಬೇಕು, ಕೊಟ್ಟಿದ್ದೀಯ, ಸರಿ, ಅಂದಳು. ಆಮೇಲೆ ಸ್ವಲ್ಪ ತಡೆದು, ಕೌಸಲ್ಯಾ, ನೀನು ತುಂಬಾ ಕೆಟ್ಟವಳು ಎಂದು ನಕ್ಕಳು.

ನನ್ನ ಚಿಂತೆ ಬೇರೆ. ಅಷ್ಟು ದಿನ ಗಿಡ ಸಾಯಲೂ ಬಾರದು, ಚೇತರಿಸಿಕೊಳ್ಳಲೂ ಬಾರದು. ನಮ್ಮವರು ಪ್ರಭಾಕರ, ಕಂಪ್ಯೂಟರ್ ಕೆಲಸದವರು, ಗಿಡಗಳನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದರು. ಅವರ ಕನಿಕರ ಯಾವ ರೂಪದಲ್ಲಿ ಹರಿಯುತ್ತಿತ್ತು ಎಂದು ನಾನು ಆಗ ವಿಚಾರಿಸಲಿಲ್ಲ.

ಭಾನುವಾರ ಕಾಫಿ ಫಿಲ್ಟರಿಗೆ ನೀರು ಹಾಕುತ್ತಿರುವಾಗಲೇ ಕಾರುಗಳು ಬಂದವು. ಯಾರೂ ಬಾಗಿಲು ತಟ್ಟಲಿಲ್ಲ. ಪಕ್ಕದ ಗೇಟು ತೆಗೆದುಕೊಂಡು ನೇರವಾಗಿ ಹಿತ್ತಲಿಗೆ ನಡೆದರು. ಒಬ್ಬರ ಕೈಯಲ್ಲಿ ಭೂತಗನ್ನಡಿ, ಒಬ್ಬರ ಕೈಯಲ್ಲಿ ಮಣ್ಣು ತೆಗೆಯುವ ಕೊಳವೆ, ಮೇ ತಿಂಗಳಲ್ಲಿ ಉಪ್ಪಿಟ್ಟು ತಿಂದು ಓಡಿದವರ ಕೈಯಲ್ಲಿ ಗುದ್ದಲಿ. ನಾನು ಅಡುಗೆಮನೆಯ ಕಿಟಕಿಯಿಂದ ಎಣಿಸಿದೆ. ಮಾರ್ಗರೆಟ್, ಹರ್ಷಿತಾ ಸೇರಿ ಹನ್ನೊಂದು. ಬದರೀನಾಥರು ಹಿಕ್ಸ್‌ವಿಲ್‌ನಿಂದ ಹೊರಟು ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು.

ಹನ್ನೆರಡಾಗದೆ ಸಭೆ ತೆರೆಯುವುದಿಲ್ಲ ಎಂದು ಮಾರ್ಗರೆಟ್ ಕುರ್ಚಿ ಹಾಕಿಕೊಂಡು ಕುಳಿತಳು.

ಎಲ್ಲರೂ ಪಾತಿಯೊಳಗೆ ಬಗ್ಗಿದ್ದರೆ ಹರ್ಷಿತಾ ಒಬ್ಬಳು ದೂರ ನಿಂತು ಇಡೀ ಪಾತಿಯನ್ನು ನೋಡುತ್ತಿದ್ದಳು. ಬಲೆಯ ಮೂಲೆಯಲ್ಲಿ ನಾಲ್ಕು ಗಿಡ ಹಚ್ಚಗೆ ನಿಂತಿದ್ದವು. ಅವಳು ಅಲ್ಲಿ ಹೋಗಿ ಮಣ್ಣಿಗೆ ಬೆರಳು ತೂರಿಸಿದಳು, ಹಳದಿ ಗಿಡದ ಬುಡಕ್ಕೂ ತೂರಿಸಿದಳು, ಹುಲ್ಲಿನ ನಡುವೆ ಇದ್ದ ಸ್ಪ್ರಿಂಕ್ಲರನ್ನು ನೋಡಿದಳು, ಕೊನೆಗೆ ಕಾಫಿ ಹಂಚುತ್ತಿದ್ದ ನಮ್ಮವರನ್ನು ನೋಡಿದಳು. ನಾನು ಚಕ್ಕುಲಿ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಹೋದೆ.

“ಆಂಟಿ, ಇದು—”

“ಗೊತ್ತಾಯ್ತಾ?”

“ಗೊತ್ತಾಯ್ತು.”

“ಹಾಗಾದ್ರೆ ಬದರೀನಾಥ ಅಂಕಲ್ ಬರೋವರ್ಗೂ ನಿನಗೆ ಗೊತ್ತಿಲ್ಲ. ಚಕ್ಕುಲಿ ತಿನ್ನು.”

ಅವಳಿಗೆ ಅರ್ಥವಾಯಿತು. ರೋಗ ಯಾವುದೆಂದು ತೀರ್ಮಾನವಾದ ಕ್ಷಣ ಇವರೆಲ್ಲ ಕಾರು ಹತ್ತುತ್ತಾರೆ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಸಲಹೆಗಾರರಿಗೆ ಎಷ್ಟು ಕಷ್ಟ ಎಂಬುದನ್ನು ನಾನು ಆವತ್ತು ಕಣ್ಣಾರೆ ನೋಡಿದೆ. ಹುಡುಗಿ ಒಂದಾದ ಮೇಲೊಂದು ಚಕ್ಕುಲಿ ಮುರಿದಳು.

ಪಾತಿಯಲ್ಲಿ ಬಸವಪ್ರಸಾದ್ ಮೊದಲ ಗಿಡ ಕಿತ್ತಿದ್ದರು.

“ಬೇರು ನೋಡ್ರಿ ಮೊದಲ, ಆಮ್ಯಾಲೆ ಮಾತಾಡ್ರಿ. ಎಲಿ ಹಿಡ್ಕೊಂಡು ಕುಂತ್ರ ಏನ್ ಗೊತ್ತಾಗ್ತೈತಿ?”

“ಬೇರಲ್ಲಿ ಗಂಟೆಲ್ಲಿದೆ ಸ್ವಾಮಿ?” ಅಂದರು ಜಯರಾಮು. “ನಿಮ್ಮ ತಲೇಲಿರೋ ಗಂಟು ಬಿಟ್ರೆ ಇಲ್ಲಿ ಇನ್ಯಾವ ಗಂಟೂ ಕಾಣ್ತಿಲ್ಲ.”

ಬಸವಪ್ರಸಾದ್ ಇನ್ನೊಂದು ಕಿತ್ತರು. ಮತ್ತೊಂದು ಕಿತ್ತರು. ಗಂಟಿರಲಿಲ್ಲ. ಜಯರಾಮು ಎಲೆಯ ಕೆಳಗೆ ಬಿಳಿ ನೊಣ ಹುಡುಕಿದರು, ನಂಜು ಹರಡುವುದು ಅದೇ ಅಂತೆ. ಒಂದೂ ಸಿಗಲಿಲ್ಲ. ಹಿಂದಿನ ದಿನ ಮಳೆ ಬಂದಿದ್ದರಿಂದ ಒದ್ದೆ ಮಣ್ಣಿನ ಮೇಲೆ ಯಾರಿಗೂ ಅನುಮಾನ ಹುಟ್ಟಲಿಲ್ಲ. ಇಬ್ಬರೂ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತರು. ಆಗ ನನಗೆ ದಿಗಿಲಾಯಿತು, ಏಕೆಂದರೆ ಮೂವತ್ತು ವರ್ಷದಲ್ಲಿ ಮೊದಲ ಸಲ ಅವರಿಬ್ಬರೂ ಒಂದಾಗುವಂತೆ ಕಂಡರು. ಎಲೆ, ಬೇರು, ಮಣ್ಣು ಎಲ್ಲ ಲ್ಯಾಬಿಗೆ ಕಳಿಸೋಣ, ವರದಿ ಬಂದ ಮೇಲೆ ನೋಡೋಣ ಎಂದು ಜಯರಾಮು ಅಂದರು. ಅದೇ ಸರಿ ಅಂದರು ಬಸವಪ್ರಸಾದ್. ಗುದ್ದಲಿಯವರು ಜೇಬಿನಿಂದ ಕಾರಿನ ಕೀ ತೆಗೆದರು. ಬದರೀನಾಥರು ಇನ್ನೂ ಸ್ಟೇಟನ್ ಐಲೆಂಡ್ ದಾಟಿರಲಿಲ್ಲ.

ನಾನು ಊಟದ ವಿಷಯ ಎತ್ತಬೇಕು ಎನ್ನುವಷ್ಟರಲ್ಲಿ ಹರ್ಷಿತಾ ಕೈಯ ಚಕ್ಕುಲಿ ಚೂರು ಒರೆಸಿಕೊಂಡು ಮುಂದೆ ಬಂದಳು. ಅವಳು ಸುಳ್ಳು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದಳು, ಅಷ್ಟೆ.

“ಅಂಕಲ್, ಲ್ಯಾಬ್ ಇಲ್ಲದ ಕಾಲದಲ್ಲಿ ಇಂಥದ್ದನ್ನ ಮೊದಲು ಯಾರು ಕಂಡುಹಿಡೀತಿದ್ರು? ಹೆಬ್ಬಾಳದವರಾ, ಧಾರವಾಡದವರಾ?”

ಕೀ ಜೇಬಿಗೆ ಹೋಯಿತು. ಸೇತುವೆಯ ಟ್ರಾಫಿಕ್ ಸಡಿಲವಾಗಿ, ಬದರೀನಾಥರು ಟರ್ನ್‌ಪೈಕ್ ಹೆದ್ದಾರಿ ಹಿಡಿದು ನಮ್ಮ ಬೀದಿಗೆ ತಿರುಗುವವರೆಗೂ ಆ ಪ್ರಶ್ನೆ ಬಾಳಿಕೆ ಬಂತು. ಅಷ್ಟರಲ್ಲಿ ಇನ್ನೂ ಇಪ್ಪತ್ತಮೂರು ಗಿಡಗಳು ಸಾಕ್ಷಿ ಹೇಳಲು ಮಣ್ಣಿನಿಂದ ಹೊರಗೆ ಬಂದಿದ್ದವು. ಬದರೀನಾಥರು ಒಳಗೆ ಬಂದವರೇ ನಮಸ್ಕಾರವನ್ನೂ ಹೇಳದೆ, ಮೆಗ್ನೀಸಿಯಂ ಅಂದರು.

ಮಾರ್ಗರೆಟ್ ಎದ್ದು ನಿಂತು ಬೆರಳಿನಿಂದ ತಲೆಗಳನ್ನು ಎಣಿಸಿ, ಸಭೆ ಶುರು ಎಂದು ಸಾರಿದಳು. ಯಾರೂ ತಿರುಗಿ ನೋಡಲಿಲ್ಲ. ಹಳೆಯ ಸಮಿತಿಯೇ ಮುಂದುವರಿಯಲಿ ಎಂಬವರು ಕೈಯೆತ್ತಿ ಎಂದಾಗ ಬೆನ್ನು ಬಗ್ಗಿದ್ದಂತೆಯೇ ಕೈಗಳು ಮೇಲೆ ಬಂದವು. ಬಸವಪ್ರಸಾದರ ಕೈಯಲ್ಲಿ ಬೇರು ಸಮೇತ ಒಂದು ಗಿಡವೂ ಬಂತು. ಅಧ್ಯಕ್ಷರಾಗಿ ಮುಂದುವರಿಯಲು ಒಪ್ಪಿಗೆಯೇ ಎಂದು ಕೇಳಿದರೆ ಜಯರಾಮು, ಅದು ಪರಿಸ್ಥಿತಿ ಮೇಲೆ ಹೋಗುತ್ತೆ ಅಂದರು. ಹೌದೋ ಅಲ್ಲವೋ ಎರಡರಲ್ಲಿ ಒಂದು ಹೇಳು ಎಂದು ಮಾರ್ಗರೆಟ್ ಗದರಿದಳು. ವೃತ್ತಿಜೀವನದಲ್ಲಿ ಅಂಥ ಉತ್ತರ ಕೊಟ್ಟು ಅಭ್ಯಾಸವಿಲ್ಲದ ಮನುಷ್ಯ, ಬಹಳ ಪ್ರಯಾಸಪಟ್ಟು ಹೌದು ಅಂದರು. ವಿಮೆಯ ಕಾಗದಕ್ಕೆ ನಾನು ಅಲ್ಲೇ, ಮಗುಚಿದ ಬಕೆಟ್ಟಿನ ಮೇಲೆ, ಮೂವರ ಸಹಿ ಹಾಕಿಸಿದೆ. ಸಹಿಯ ಜೊತೆ ಮೂರು ಮಣ್ಣಿನ ಹೆಬ್ಬೆಟ್ಟೂ ಬಿದ್ದವು.

ಕೊನೆಗೆ ಝೂಮ್ ವಿಷಯ. ಇನ್ನು ಮೇಲೆ ಮನೆಯಲ್ಲೇ ಕುಳಿತು ಸಭೆ ಸೇರಬಹುದು ಎಂಬ ತಿದ್ದುಪಡಿ. ನನಗೆ ಬೇಕಾಗಿದ್ದದ್ದು ಅದೇ. ಪ್ರತಿ ವರ್ಷದ ಈ ತಾಪತ್ರಯ ತಪ್ಪುತ್ತಿತ್ತು.

“ಝೂಮ್‌ನ್ಯಾಗ ಬೇರು ಹೆಂಗ ಕೀಳೋದ್ರಿ?” ಅಂದರು ಬಸವಪ್ರಸಾದ್.

ಪರವಾಗಿ ಒಂದೇ ಕೈ ಎದ್ದಿತು, ಹರ್ಷಿತಾಳದ್ದು, ಅದೂ ನನ್ನ ಮುಖ ನೋಡಿ. ತಿದ್ದುಪಡಿ ಬಿದ್ದುಹೋಯಿತು. ಸಭೆ ಮುಗಿಯಿತು ಎಂದು ಮಾರ್ಗರೆಟ್ ಹೇಳಿದ ಮೇಲೆ ನಾನು ಹರ್ಷಿತಾ ಕಡೆ ತಲೆಯಾಡಿಸಿದೆ.

“ನೀರು ಜಾಸ್ತಿಯಾಗಿದೆ, ಅಷ್ಟೆ,” ಅಂದಳು ಅವಳು. “ಸ್ಪ್ರಿಂಕ್ಲರ್ ಮುಟ್ಟದ ಆ ಮೂಲೇಲಿ ಎಲ್ಲಾ ಹಸಿರಾಗೇ ಇದೆ.”

ಹಿತ್ತಲಲ್ಲಿದ್ದವರೆಲ್ಲ ಒಟ್ಟಿಗೆ ನಮ್ಮವರ ಕಡೆ ತಿರುಗಿದರು. ಅವರು ಕಾಫಿ ತಟ್ಟೆಯನ್ನು ಕೆಳಗಿಟ್ಟು, ಜೇಬಿನಿಂದ ಫೋನ್ ತೆಗೆದು, ಸ್ಪ್ರಿಂಕ್ಲರಿನ ಆ್ಯಪ್‌ನಲ್ಲಿ ಏನನ್ನೋ ಒತ್ತಿದರು. ಗಿಡ ಬಾಡಿದಂತೆ ಕಂಡಾಗಲೆಲ್ಲ ನೀರಿನ ಹೊತ್ತನ್ನು ಇನ್ನಷ್ಟು ಹೆಚ್ಚಿಸುತ್ತಾ ಬಂದಿದ್ದರಂತೆ.

ನಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದು ಜಯರಾಮು ಅಂದರು. ಬಸವಪ್ರಸಾದ್ ತಾವು ಬೇರು ಕಿತ್ತಾಗಲೇ ಅನುಮಾನ ಬಂದಿತ್ತು ಅಂದರು. ಬದರೀನಾಥರು ನೀರು ಹೆಚ್ಚಾದರೆ ಮೆಗ್ನೀಸಿಯಂ ತೊಳೆದುಹೋಗುತ್ತದೆ, ಹಾಗಾಗಿ ತಮ್ಮದೇ ಸರಿ ಅಂದರು. ಹರ್ಷಿತಾ ಮೂವರಿಗೂ ಹೌದು ಅಂಕಲ್ ಅಂದಳು. ಹೋಗುವ ಮುನ್ನ ಅವರು ಆ ನಾಲ್ಕು ಹಸಿರು ಗಿಡಗಳನ್ನೂ ಕಿತ್ತು, ಹಳದಿಯವುಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು.

ಕಾಗದ ವಿಮೆಯವರಿಗೆ ಸೋಮವಾರವೇ ತಲುಪಿತು. ಹರ್ಷಿತಾಳ ಪಾಲಿಸಿ ಒಂದು ವರ್ಷಕ್ಕೆ ಉಳಿಯಿತು, ಅವಳ ಕೆಲಸವೂ ಉಳಿಯಿತು. ಹೋಟೆಲಿನ ಒಂಬೈನೂರು ಡಾಲರು ಉಳಿಯಿತು. ಬೆಂಡೆ ಮೂವತ್ತೂ ಹೋದವು, ಝೂಮ್ ಹೋಯಿತು. ಮುಂದಿನ ಮಹಾಸಭೆಗೆ ಇನ್ನೊಂದು ಗಿಡ ಹಳದಿಯಾಗಬೇಕು. ಸ್ಪ್ರಿಂಕ್ಲರನ್ನು ನಮ್ಮವರ ಫೋನಿನಲ್ಲೇ ಬಿಟ್ಟಿದ್ದೇನೆ.