ಕಂದು ಕಾಗದದ ಹೆಂಗಸು

ಗುಂಡಿ ಹೊಲಿಯುವವಳನ್ನು ಬಟ್ಟೆ ಗೋದಾಮಿನಲ್ಲಿ ಕೂಡಿಹಾಕಿ ಹೊರಗಿನಿಂದ ಬೀಗ ಜಡಿದರು. ಸಂಜೆ ಬಾಗಿಲು ತೆಗೆದಾಗ ಅವಳು ಉಸಿರುಗಟ್ಟಿ ಸತ್ತಿದ್ದಳು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಒಂದು ಕಂದು ಕಾಗದ ತಂದು ಚಿತ್ರದಕ್ಕನ ಮೇಜಿನ ಮೇಲೆ ಹರಡಿದ. ಉಡುಪುಗಳ ನಮೂನೆ ಬರೆಯುವುದು ಅವಳ ಕೆಲಸ. ಕಾರ್ಖಾನೆಯಲ್ಲಿ ಅವಳನ್ನು ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಕಾಗದದ ಚಿತ್ರದಲ್ಲಿ ಒಬ್ಬ ಹೆಂಗಸು ಕೈಯೆತ್ತಿ ನಿಂತಿದ್ದಳು.

“ಗೋದಾಮಲ್ಲಿ ಸಿಕ್ತು. ಎಲ್ರೂ ನೋಡ್ಬಿಟ್ಟಿದಾರೆ, ಹರಿದುಹಾಕೋ ಹಾಗಿಲ್ಲ. ತನಿಖೆಯವರು ಬರ್ತಾರೆ. ನಿಂದೇ ಅಂತ ಸಹಿ ಹಾಕು.”

“ನಂದಲ್ಲವಲ್ಲ ಸಾರ್.”

“ದಿನವಿಡೀ ಮೂತಿಯಿಲ್ಲದ ಬೊಂಬೆ ಬರೀತೀಯ. ಇವಳಿಗೂ ಮೂತಿಯಿಲ್ಲ. ಕೈಯೆತ್ತಿ ಕುಣೀತಿದಾಳೆ, ಪಾರ್ಟಿ ಗೌನು ಅಂದ್ಬಿಡು.” ತನ್ನ ಮಾತಿಗೆ ತಾನೇ ನಕ್ಕ.

ಚಿತ್ರದಕ್ಕ ಬಗ್ಗಿ ನೋಡಿದಳು. ಕುಣಿಯುವವಳ ಬೆರಳು ಸಡಿಲವಾಗಿರುತ್ತವೆ. ಇವಳವು ಕೊಕ್ಕೆಯಂತೆ ಮಡಚಿದ್ದವು. ಎರಡೂ ಹಿಮ್ಮಡಿ ನೆಲ ಬಿಟ್ಟಿದ್ದವು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಗೆರೆ. ಪಾದದ ಬಳಿ ತೆಳು, ಮೇಲೇರಿದಂತೆ ದಪ್ಪ. ಭುಜದ ಹತ್ತಿರ ಸೀಮೆಸುಣ್ಣ ಸವೆದು ಉಗುರು ಕಾಗದವನ್ನೇ ಸೀಳಿತ್ತು. ಮುಖ ಬರೆಯದೆ ಬಿಟ್ಟದ್ದಲ್ಲ. ಬರೆದು ಒರೆಸಿ, ಮತ್ತೆ ಬರೆದು ಒರೆಸಿದ್ದು. ಅಂಗೈಗಳಲ್ಲಿ ಮಾತ್ರ ಕೆಂಪು ಮೆತ್ತಿತ್ತು. ಮೂಗಿನ ಹತ್ತಿರ ಹಿಡಿದಳು. ಬಣ್ಣವಲ್ಲ, ಬೆವರಿಗೆ ಕಲಸಿದ ಕಬ್ಬಿಣದ ತುಕ್ಕು. ಗೋದಾಮಿನಲ್ಲಿ ತುಕ್ಕು ಹಿಡಿದದ್ದು ಬಾಗಿಲಿನ ಒಳಮೈ ಒಂದೇ.

“ಬಾಗಿಲು ಬಡಿದಿದಾಳೆ ಸಾರ್,” ಅಂದಳು.

ಮ್ಯಾನೇಜರ್ ನಗು ನಿಲ್ಲಿಸಿದ. “ಅವಳಾಗಿಯೇ ಮಲಗೋಕೆ ಹೋಗಿದ್ದು. ಅದಿರ್ಲಿ, ನಿನ್ನ ತಂಗಿ ಎಲ್ಲಿ, ಕಾಣ್ತಿಲ್ಲ?”

ಚಿತ್ರದಕ್ಕ ಕಿಟಕಿಯಿಂದ ಕೆಳಗೆ ನೋಡಿದಳು. ಹೊಲಿಗೆ ಯಂತ್ರಗಳ ಸಾಲಿನಲ್ಲಿ ತಂಗಿಯ ಜಾಗ ಖಾಲಿಯಿತ್ತು.

“ಲೈನಿಂಗ್ ಬಟ್ಟೆ ತರೋಕೆ ಗೋದಾಮಿಗೆ ಕಳಿಸಿದೀನಿ. ನೀನು ಸಹಿ ಹಾಕೋದೇ ತಡ, ಬರ್ತಾಳೆ.” ಬೀಗದ ಕೈ ಅವನ ಬೆರಳಿನ ಸುತ್ತ ತಿರುಗುತ್ತಿತ್ತು.

ಚಿತ್ರದಕ್ಕ ಗೋದಾಮಿನ ಕಡೆಗೆ ಕಿವಿಗೊಟ್ಟಳು. ಯಂತ್ರಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಿನ್ನೆಯೂ ಇದೇ ಸದ್ದು. ಇಲ್ಲೇ ಕೂತು ಒಂದು ಗೌನಿನ ನೆರಿಗೆ ತಿದ್ದುತ್ತಿದ್ದಳು, ಏನೂ ಕೇಳಿಸಿರಲಿಲ್ಲ. ಅವನು ಪೆನ್ನನ್ನು ಅವಳ ಬೆರಳುಗಳ ನಡುವೆ ತುರುಕಿದ. ಸಹಿ ಬಿದ್ದರೆ ಕಾಗದದ ಇವಳು ಕುಣಿಯುವವಳೇ ಆಗಿಬಿಡುತ್ತಾಳೆ. ನಾಳೆ ತಂಗಿಯೂ.

ಪೆನ್ನು ಕೆಳಗಿಟ್ಟು ಕಾಗದವನ್ನು ಎದೆಗವಚಿಕೊಂಡಳು. ತುಕ್ಕು ರವಿಕೆಗೆ ಹತ್ತಿತು.

“ಹಾಕಲ್ಲ ಸಾರ್. ಬೀಗದ ಕೈ ಕೊಡಿ.”