ಟವಲಿನಡಿಯ ರಬ್ಬರು ಬೆರಳು

ಕೆಂಚಾರ್ಲಹಳ್ಳಿಯ ಕೋನಪ್ಪ ದನದ ದಲ್ಲಾಳಿ. ಚಿಂತಾಮಣಿ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ; ಟವಲು ಮುಚ್ಚಿ, ಅದರಡಿ ಬೆರಳು ಹಿಡಿದು ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಹೀಗಿರುವಾಗ ಎಂಬತ್ತೇಳನೇ ಇಸವಿಯಲ್ಲಿ ಕಬ್ಬಿನ ಗಾಣ ಅವನ ಬಲಗೈಯನ್ನೇ ನುಂಗಿತು. ಎಡಗೈ ಗಟ್ಟಿಯಾಗಿತ್ತು, ನಿಜ. ಆದರೆ ಎಡಗೈ ಹಿಡಿದು ಎತ್ತು ಕೊಂಡು ಏಳಿಗೆಯಾದವರನ್ನು ಯಾರು ಕಂಡಿದ್ದಾರೆ? ಗಿರಾಕಿಗಳು "ಪಾಪ, ಕೋನಪ್ಪ" ಎಂದು ಬೀಡಿ ಕೊಟ್ಟು, ಬೇರೆಯವರ ಟವಲಿಗೆ ಕೈ ಹಾಕುತ್ತಿದ್ದರು. ಆ 'ಪಾಪ' ಅವನಿಗೆ ಗಾಣಕ್ಕಿಂತ ಹೆಚ್ಚು ನೋವು ಕೊಡುತ್ತಿತ್ತು.

ಬೆಂಗಳೂರಿನಲ್ಲಿ ಕೃತಕ ಕೈ ಸಿಗುತ್ತಿತ್ತು. ಅದನ್ನು ಕೊಳ್ಳಲು ಉಳಿದ ಕೈಯನ್ನೂ ಮಾರಬೇಕಿತ್ತು. ಕೊನೆಗೆ ಸೈಕಲ್ ಶಾಪಿನ ಚಲಪತಿಯೇ ಒಂದು ಕೈ ಮಾಡಿಕೊಟ್ಟ. ಹಿಪ್ಪುನೇರಳೆ ಕಟ್ಟಿಗೆಯ ಅಂಗೈ, ಹಳೇ ಟ್ಯೂಬು ಸುತ್ತಿದ ಬೆರಳು, ಒಳಗೆ ಬ್ರೇಕು ತಂತಿ. ತಂತಿಯ ಇನ್ನೊಂದು ತುದಿ ಕತ್ತಿನ ಹಿಂದಿನ ಪಟ್ಟಿಗೆ. ಭುಜ ಕುಣಿಸಿದರೆ ಬೆರಳು ಮಡಚಿಕೊಳ್ಳುತ್ತಿದ್ದವು.

"ಬೆಲ್ಲೂ ಹಾಕ್ಬಿಡ್ಲಾ ಕೋನಪ್ಪಣ್ಣ?" ಎಂದ ಚಲಪತಿ.

"ನಾನೇನು ಬಾಡಿಗೆ ಸೈಕಲ್ಲೇನಪ್ಪಾ!"

ಕೋನಪ್ಪ ಆ ಕೈಯಲ್ಲಿ ಲೋಟ ಹಿಡಿದ, ಚೊಂಬು ಹಿಡಿದ, ಹೆಂಡತಿ ಅಕ್ಕಯ್ಯಮ್ಮನ ಸೆರಗು ಹಿಡಿದು ಬೈಸಿಕೊಂಡ. ಎಲ್ಲ ಸರಿಯಾಗಿತ್ತು.

ಅದೇ ವಾರ ಊರಿನ ಮುನಿಶಾಮಮ್ಮ ತನ್ನ ಜೋಡಿ ಎತ್ತುಗಳನ್ನು ಮಾರಿಕೊಡಲು ಅವನಿಗೇ ಒಪ್ಪಿಸಿದಳು. ಗಿರಾಕಿ ಶಿಡ್ಲಘಟ್ಟದ ಕಡೆಯ ಆವುಲಪ್ಪ, ಮಹಾ ಜಿಪುಣ. ರಬ್ಬರು ಕೈಯಾದರೂ ಬಲಗೈ ಬಲಗೈಯೇ ಎಂದು ಅವನೂ ಒಪ್ಪಿದ. ಟವಲು ಮುಚ್ಚಿದರು. ಆವುಲಪ್ಪ ಕಣ್ಣು ಕಿರಿದು ಮಾಡಿ ಏನೋ ಹಿಡಿದ.

ಎಷ್ಟು ಹಿಡಿದ? ಆಗ ಹೊಳೆಯಿತು ಕೋನಪ್ಪನಿಗೆ. ರಬ್ಬರಿಗೇನು ಗೊತ್ತಾಗುತ್ತದೆ, ಮಣ್ಣು! ಕೈ ಹಿಡಿಯುತ್ತದೆಯೇ ಎಂದು ನೂರು ಸಲ ನೋಡಿದ್ದ ಅವನಿಗೂ ಚಲಪತಿಗೂ, ಯಾರಾದರೂ ಹಿಡಿದರೆ ತಿಳಿಯಬೇಕೆಂಬುದೇ ಮರೆತುಹೋಗಿತ್ತು. ಬಾಯಿಬಿಟ್ಟು ಕೇಳುವಂತಿಲ್ಲ, ಟವಲು ಎತ್ತುವಂತಿಲ್ಲ. ಎತ್ತಿದರೆ ವ್ಯಾಪಾರವೂ ಮರ್ಯಾದೆಯೂ ಒಟ್ಟಿಗೇ ಹೋಗುತ್ತವೆ. ದಿಕ್ಕು ತೋಚದೆ ತಲೆಯನ್ನು ಅಡ್ಡಡ್ಡ ಆಡಿಸಿದ.

ಆವುಲಪ್ಪ ಇನ್ನೇನೋ ಹಿಡಿದ. ಕೋನಪ್ಪ ಮತ್ತೆ ಅಡ್ಡಡ್ಡ ಆಡಿಸಿದ. ಚೌಕಾಸಿಯ ಬಿಸಿಯಲ್ಲಿ ಆವುಲಪ್ಪನಿಗೆ ಅದು ರಬ್ಬರೆಂಬುದೇ ಮರೆತುಹೋಯಿತು.

"ಓರಿ ದೇವುಡಾ! ಬೆರಳು ಒಂಚೂರು ನಡುಗಲ್ಲ, ಬೆವರಲ್ಲ. ಏನ್ ಮನುಷ್ಯನಪ್ಪಾ ನೀನು! ಎತ್ತು ಅಷ್ಟು ಚೆನ್ನಾಗವಾ?"

"ಅವೆ," ಎಂದ ಕೋನಪ್ಪ. ಅದೊಂದು ಮಾತ್ರ ಅವನಿಗೆ ಖಂಡಿತವಾಗಿ ಗೊತ್ತಿತ್ತು.

ಕೊನೆಗೆ ಆವುಲಪ್ಪ ಹಲ್ಲು ಕಚ್ಚಿ ಇಡೀ ಕೈಯನ್ನೇ ಹಿಡಿದು ಜಗ್ಗಿದ. ತಂತಿ ಬಿಗಿಯಿತು, ಪಟ್ಟಿ ಎಳೆಯಿತು, ಕೋನಪ್ಪನ ತಲೆ ತಾನಾಗಿಯೇ ಬಗ್ಗಿತು.

"ಒಪ್ದ! ಎಲ್ರೂ ನೋಡಿದ್ರಲ್ಲ, ಒಪ್ದ!" ಎಂದು ಆವುಲಪ್ಪ ಕೂಗಿದ.

ನೋಟು ಕೈಗೆ ಬಂದಾಗ ಮುನಿಶಾಮಮ್ಮ 'ಇಷ್ಟೊಂದಾ!' ಎಂದು ಮೂರು ಸಲ ಎಣಿಸಿದಳು. ಬೆಲೆ ಎಷ್ಟೆಂದು ಕೋನಪ್ಪನಿಗೆ ಗೊತ್ತಾದದ್ದೂ ಆಗಲೇ.

ವಿಷಯ ಕೇಳಿ ಚಲಪತಿ ನಾಚಿಕೊಂಡ. "ಒಂದೊಂದು ಬೆರಳಿಂದ್ಲೂ ಕಂಕುಳಿಗೆ ದಾರ ತರ್ತೀನಿ ಅಣ್ಣ. ಹಿಡಿದ್ರೆ ಕಚಗುಳಿ ಆಗ್ತದೆ, ಲೆಕ್ಕ ಗೊತ್ತಾಗ್ತದೆ."

"ಅದನ್ನ ಮುಟ್ಟಿದ್ರೆ ನೋಡು, ನಿಂಗೂ ಒಂದು ಕೈ ಮಾಡ್ಕೊಬೇಕಾಗ್ತದೆ!"

ಮುಂದಿನ ಸಂತೆಯಲ್ಲಿ ಎತ್ತು ಮಾರುವವರೆಲ್ಲ ಅವನ ಸುತ್ತ ಮುತ್ತಿಕೊಂಡರು. ಕೊಳ್ಳಲು ಬಂದವರು ಯಾರೂ ಪಾಪ ಅನ್ನಲಿಲ್ಲ. "ಕಟುಕ ಕಣಯ್ಯಾ ನೀನು" ಎಂದು ಮುಖದ ಮೇಲೇ ಬೈದರು. ಆ ಬೈಗುಳ ಕೇಳಿ ಕೋನಪ್ಪನ ಕಣ್ಣು ತುಂಬಿ ಬಂತು. ಮೊದಲ ಗಿರಾಕಿ ಟವಲಿನಡಿ ಕೈ ತೂರಿಸಿದ. ಇನ್ನೂ ಬೆರಳು ಮುಟ್ಟಿರಲಿಲ್ಲ, ಕೋನಪ್ಪ ಆಗಲೇ ತಲೆಯನ್ನು ಅಡ್ಡಡ್ಡ ಆಡಿಸಿಬಿಟ್ಟ.